ಸಹಾಯ ಬೇಕು: ಗುಲ್ಮಾರ್ಗ್ ಸ್ಕೀಯಿಂಗ್ ಖರ್ಚು ಹೇಗೆ ಹಂಚೋದು?

ಮೈಸೂರಿನಿಂದ ನಾನು, ನನ್ನ ಹೆಂಡತಿ, ಜೊತೆಗೆ ಮಂಡ್ಯದ ಗೆಳೆಯ ಮತ್ತು ಅವನ ಹೆಂಡತಿ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ಗೆ ಸ್ಕೀಯಿಂಗ್‌ಗೆ ಹೊರಟಿದ್ದೇವೆ. ನಾವಿಬ್ಬರೂ ಹಿಮ ನೋಡಿರುವುದು ಫ್ರಿಜ್ಜಿನಲ್ಲಿ ಮಾತ್ರ! ಅವರು ಉತ್ತರಾಖಂಡದ ಔಲಿಯಲ್ಲಿ ಎರಡು ಸಲ ಕಲಿತು ಬಂದವರು, ಗೊಂಡೋಲಾದ (ಅಲ್ಲಿನ ಕೇಬಲ್ ಕಾರು) ಎರಡನೇ ಹಂತದಲ್ಲಿ 3,900 ಮೀಟರ್‌ಗೂ ಮೇಲಿರುವ ಅಫರ್ವಟ್ ಬೆಟ್ಟಕ್ಕೇ ಹೋಗಬೇಕು ಅಂತಾರೆ. ನಮಗೆ ಕೆಳಗಿನ ಸಣ್ಣ ಇಳಿಜಾರೇ ಜಾಸ್ತಿ. ಎಲ್ಲ ಖರ್ಚೂ ಸಮ ಅಂತ ಮೊದಲೇ ಒಪ್ಪಿಬಿಟ್ಟಿದ್ದೆ, ತಪ್ಪು ನನ್ನದೇ, ಆದರೆ ಈಗ ಅವರ ಗೈಡು, ಟಿಕೆಟ್ಟು ಎಲ್ಲ ಸೇರಿ ನಮ್ಮ ಪಾಲು ಸುಮ್ನೆ ಏರುತ್ತಿದೆ. ಲೆಕ್ಕ ಬರೆದು ಕಳಿಸಿದೆ, ತೆರೆದೇ ನೋಡಿಲ್ಲ. ಫೋನ್ ಮಾಡಿದರೆ 'ಅಲ್ಲಿಗೆ ಹೋದ್ಮೇಲೆ ನೋಡೋಣ ಬಿಡೋ' ಅಂತಾನೆ.

ರೂಮು, ಟ್ಯಾಕ್ಸಿ ಮಾತ್ರ ಹಂಚಿಕೊಂಡು ಸ್ಕೀ ಖರ್ಚು ಅವರವರದು ಅಂದರೆ ಸರಿಯಲ್ವಾ? ಮನಸ್ತಾಪ ಆಗದ ಹಾಗೆ ಹೇಗೆ ಹೇಳಲಿ? ಹೊಸಬರಿಗೆ ಮೂರು ದಿನದ ಕಲಿಕೆ ಸಾಕಾ?