ಮುಧೋಳ ಕ್ರಾಸ್ ನಾಯಿ: ಕೋಳಿ ಅಟ್ಟಿಸೋದು ರಕ್ತದಲ್ಲೇ ಬಂದಿದ್ದಾ?

ಶಿರಾ_ಸೀಮೆ:
ಬೀದಿಯಿಂದ ತಂದ ಗಂಡು ನಾಯಿ, ಸುಮಾರು 14 ತಿಂಗಳು. ಉದ್ದ ಮೂತಿ, ಒಳಸೇರಿದ ಹೊಟ್ಟೆ. ನೋಡಿದವರೆಲ್ಲ ಮುಧೋಳ ಕ್ರಾಸ್ (ಮುಧೋಳ ಬೇಟೆನಾಯಿಯ ಮಿಶ್ರತಳಿ) ಅಂತಾರೆ. ಮನೇಲಿ ಮೆತ್ತಗಿರ್ತಾನೆ. ಕೋಳಿ, ಕುರಿಮಂದೆ ಕಂಡರೆ ಮಾತೇ ಕೇಳಲ್ಲ, ಬೈಕ್ ಹಿಂದೇನೂ ಓಡ್ತಾನೆ. ಡಿಎನ್ಎ ಟೆಸ್ಟ್ ಮಾಡಿಸಿದರೆ ತರಬೇತಿಗೆ ದಾರಿ ಸಿಗುತ್ತಾ? ತಳಿಗುಣ ಅಂದಮೇಲೆ ಬಿಡಿಸೋಕಾಗುತ್ತಾ?

ಕೋಲಾರ_ನಾಟಿ:
ದುಡ್ಡು ಹಾಕೋ ಮುಂಚೆ ಒಂದು ಮಾತು ಸಾರ್. ಕೂದಲು, ಕಾಲಿನ ಉದ್ದ ಇಂಥವನ್ನ ಕೆಲವೇ ಜೀನುಗಳು ತೀರ್ಮಾನಿಸ್ತವೆ. ಸ್ವಭಾವಕ್ಕೆ ಬಹಳಷ್ಟು ಜೀನುಗಳು ಸೇರ್ತವೆ, ಒಂದೊಂದರ ಪಾಲೂ ಚಿಕ್ಕದು. ಹಾಗಾಗಿ ಮೂತಿ ನೋಡಿ ಬುದ್ಧಿ ಹೇಳೋಕಾಗಲ್ಲ. 2022ರಲ್ಲಿ 'ಸೈನ್ಸ್' ಪತ್ರಿಕೇಲಿ ಬಂದ ಅಧ್ಯಯನದಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ಮಾಲೀಕರನ್ನ ಕೇಳಿ, 2,000ಕ್ಕೂ ಹೆಚ್ಚು ನಾಯಿಗಳ ಡಿಎನ್ಎ ನೋಡಿದ್ದರು. ನಾಯಿ ನಾಯಿಗೂ ಇರೋ ನಡತೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9. ಮಾತಿಗೆ ಓಗೊಡೋ ಗುಣದಲ್ಲಿ ಮಾತ್ರ ತಳಿಯ ಪ್ರಭಾವ ಉಳಿದ ಗುಣಗಳಿಗಿಂತ ಜಾಸ್ತಿ.

ಇನ್ನೊಂದು ತೊಡಕು. ನಮ್ಮ ಕಂತ್ರಿ ನಾಯಿ ಹತ್ತು ಜಾತಿನಾಯಿಗಳ ಕಲಬೆರಕೆ ಅಲ್ಲ, ತಾನೇ ತಲೆಮಾರುಗಳಿಂದ ಬೆಳೆದ ಹಳೇ ಸಂತತಿ. ಟೆಸ್ಟ್ ಮಾಡೋರ ಸಂಗ್ರಹದಲ್ಲಿ ದೇಸಿ ಮಾದರಿ ಇಲ್ಲದಿದ್ದರೆ ಯಾವುದೋ ಹತ್ತಿರದ ವಿದೇಶಿ ತಳಿ ಹೆಸರು ಬರೆದು ಕಳಿಸ್ತಾರೆ.

ಚಿಂತಾಮಣಿ_ಚೈನು:
ಮುಧೋಳದ ಅಂಶ ಇದ್ದರೂ ಇಲ್ಲದಿದ್ದರೂ ಮಾಡೋ ಕೆಲಸ ಒಂದೇ. ಅಟ್ಟಿಸೋದರಲ್ಲಿ ಮೆಟ್ಟಿಲಿವೆ: ದಿಟ್ಟಿಸೋದು, ಹೊಂಚೋದು, ಓಡೋದು, ಬಾಯಿ ಹಾಕೋದು. ಓಟ ಶುರುವಾದಮೇಲೆ ಹೆಸರು ಕೂಗಬೇಡಿ. ಓಟವೇ ಅವನಿಗೆ ಕೂಲಿ, ನಿಮ್ಮ ಕೂಗು ಬರೀ ಗದ್ದಲ ಆಗಿಬಿಡುತ್ತೆ. ತಡೆಯಬೇಕಾದ್ದು ದಿಟ್ಟಿಸುವಾಗ: ತೆರೆದಿದ್ದ ಬಾಯಿ ಮುಚ್ಚುತ್ತೆ, ಕಿವಿ ಮುಂದಕ್ಕೆ ಬರುತ್ತೆ, ಒಂದು ಮುಂಗಾಲು ಮೇಲೇಳುತ್ತೆ. ಆಮೇಲೆ ಒಂದೆರಡು ಸೆಕೆಂಡು ಸಿಕ್ಕರೆ ಹೆಚ್ಚು.

ಹಾರ್ನೆಸ್ (ಎದೆಗೆ ಸುತ್ತಿ ಕಟ್ಟೋ ಪಟ್ಟಿ) ಹಾಕಿ 10 ಮೀಟರ್ ನೈಲಾನ್ ಹಗ್ಗ ಕಟ್ಟಿ. ಕೊರಳಪಟ್ಟಿಗೆ ಕಟ್ಟಿದರೆ ಜಗ್ಗಿದಾಗ ಕತ್ತಿಗೆ ಪೆಟ್ಟು. ಕೈಗೆ ಸುತ್ತಿಕೊಂಡರೆ ನಿಮ್ಮ ಬೆರಳಿಗೆ. ಕೋಳಿಯಿಂದ 30 ಮೀಟರ್ ದೂರದಲ್ಲಿ ನಿಲ್ಲಿ. ಅವನು ಕೋಳಿ ನೋಡಿದ ತಕ್ಷಣ 'ಹಾಂ' ಅಂದು, ಕಡಲೆಕಾಳಿನಷ್ಟು ಬೇಯಿಸಿದ ಚಿಕನ್ ಕೊಡಿ (ಕೋಳಿ ಬಿಡಿಸೋಕೆ ಕೋಳೀನೇ ಲಂಚ, ಅವನಿಗೇನೂ ಗೊಂದಲ ಆಗಲ್ಲ). ಸಾರಿನ ಪೀಸು ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತೆ. ದಿನಕ್ಕೆರಡು ಸಲ 5 ನಿಮಿಷ, ಮುದ್ದೆ ಹಾಕೋ ಮುಂಚೆ. 10ರಲ್ಲಿ 8 ಸಲ 'ಹಾಂ'ಗೆ ತಿರುಗಿದರೆ 3 ಮೀಟರ್ ಹತ್ತಿರ ಹೋಗಿ. ಚಿಕನ್ ಮೂಸಿಯೂ ನೋಡದಿದ್ದರೆ ತೀರಾ ಹತ್ತಿರ ಬಂದಿದ್ದೀರಿ, 10 ಮೀಟರ್ ಹಿಂದೆ ಸರೀರಿ.

ಓಡೋ ಚಪಲ ಹೋಗಲ್ಲ, ಅದಕ್ಕೊಂದು ಜಾಗ ಕೊಡಬೇಕು. 4 ಅಡಿ ಬಿದಿರು ಕೋಲಿನ ತುದಿಗೆ ಹಗ್ಗ, ಹಳೇ ಟವೆಲ್ ತುಂಡು. ಅವನು ಕೂತು ಕಾದಮೇಲೆ ಇದನ್ನ ಅಟ್ಟಿಸೋಕೆ ಬಿಡಿ; ಹಿಡಿದರೆ 'ಬಿಡು' ಅಂದು ಚಿಕನ್‌ಗೆ ಬದಲಾಯಿಸಿ. ನೆಲದ ಮೇಲೇ ಎಳೀರಿ, ಎಗರಿಸಿದರೆ ಮಂಡಿ ಹೋಗುತ್ತೆ.

ಮಾಲೂರು_ಮೋಟಿ:
ಬೈಕನ್ನ ಕೋಳಿ ಲೆಕ್ಕಕ್ಕೆ ಸೇರಿಸಬೇಡಿ. ಸದ್ದಿಲ್ಲದೆ ತಲೆ ತಗ್ಗಿಸಿ ಓಡಿದರೆ ಬೇಟೆ. ಬೊಗಳ್ತಾ, ಬೆನ್ನಿನ ಕೂದಲು ನಿಮಿರಿಸಿ, ಬೈಕ್ ನಿಂತರೆ ತಾನೂ ನಿಂತರೆ ಅದು ಭಯ, ಇಲ್ಲಾ ಜಾಗ ಕಾಯೋದು. ಮರಿಯಾಗಿದ್ದಾಗ 3ರಿಂದ 14 ವಾರದೊಳಗೆ ಏನೇನು ಕಂಡಿತ್ತು ಅನ್ನೋದು ಇಲ್ಲಿ ಬಹಳ ಮುಖ್ಯ, ಬೀದಿಮರಿಗೆ ಆ ಲೆಕ್ಕ ಯಾರಿಟ್ಟಿರ್ತಾರೆ? ನಿಂತ ಬೈಕಿನಿಂದ ಶುರು ಮಾಡಿ, ಆಮೇಲೆ ತಳ್ಳಿಕೊಂಡು ಹೋಗೋದು, ಸ್ಟಾರ್ಟ್ ಮಾಡಿ ನಿಲ್ಲಿಸಿದ್ದು, ಕೊನೆಗೆ ಓಡೋದು.

ಶಿರಾ_ಸೀಮೆ:
ಬೈಕಿಗೆ ಬೊಗಳಿಕೊಂಡೇ ಹೋಗ್ತಾನೆ, ಕೋಳಿಗೆ ಸದ್ದೇ ಇಲ್ಲ. ತಪ್ಪಿಸ್ಕೊಂಡು ವಾಪಸ್ ಬಂದಾಗ ಎರಡು ಬಿಗಿಯಬಹುದಾ? ಹಗ್ಗ ಯಾವಾಗ ಬಿಚ್ಚೋದು?

ಚಿಂತಾಮಣಿ_ಚೈನು:
ಬೇಡ. ಬಂದದ್ದಕ್ಕೇ ಪೆಟ್ಟು ಬಿತ್ತು ಅಂತ ಅವನ ಲೆಕ್ಕ, ಮುಂದಿನ ಸಲ ಹತ್ತಡಿ ದೂರದಲ್ಲೇ ಸುತ್ತು ಹಾಕ್ತಾನೆ. ಸುಮ್ಮನೆ ಚಿಕನ್ ಕೊಟ್ಟು ಕಟ್ಟಿ. ಬೇಲಿ ಇರೋ ತೋಟದಲ್ಲಿ ಎರಡು ಮೂರು ತಿಂಗಳಾದಮೇಲೆ ಬಿಚ್ಚಿ ನೋಡಿ. ಮಂದೆ ಓಡಾಡೋ ಬಯಲಲ್ಲಿ ಬಿಚ್ಚಲೇಬೇಡಿ. ಒಂದು ಕುರಿಗೆ ಬಾಯಿ ಹಾಕಿದರೆ ಊರಲ್ಲಿ ಪಂಚಾಯ್ತಿ ಸೇರುತ್ತೆ.