ಅಮೆರಿಕದ ಜಡ್ಜ್ ಚುನಾವಣೆಗೆ ಸರ್ಕಾರಿ ದುಡ್ಡು: ಏನಾದರೂ ಉಪಯೋಗ ಆಯ್ತಾ?

ಓದೋಹುಚ್ಚಿ ಕೇಳಿದ್ದು:

ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಜಡ್ಜ್‌ಗಳು ಓಟು ಕೇಳಿ ಗೆಲ್ಲಬೇಕು. ಮೊನ್ನೆ ಕೇಪರ್ಟನ್ ಕೇಸ್ ಓದಿ ತಲೆ ಕೆಟ್ಟಿತು. 2004ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಕಲ್ಲಿದ್ದಲು ಕಂಪನಿಯ ಮುಖ್ಯಸ್ಥ ಡಾನ್ ಬ್ಲಾಂಕೆನ್‌ಶಿಪ್ ರಾಜ್ಯ ಸುಪ್ರೀಂ ಕೋರ್ಟಿನ ಜಡ್ಜ್ ಚುನಾವಣೆಗೆ ಸುಮಾರು 30 ಲಕ್ಷ ಡಾಲರ್ ಸುರಿದರು. ಅವರು ಬೆಂಬಲಿಸಿದ ಬ್ರೆಂಟ್ ಬೆಂಜಮಿನ್ ಗೆದ್ದರು. ಆಮೇಲೆ ಅದೇ ಕಂಪನಿಯ 5 ಕೋಟಿ ಡಾಲರ್ ಪರಿಹಾರದ ಕೇಸ್ ಅದೇ ಕೋರ್ಟಿಗೆ ಬಂತು. ಬೆಂಜಮಿನ್ ಪೀಠದಿಂದ ಹಿಂದೆ ಸರಿಯಲಿಲ್ಲ, ಕಂಪನಿ 3-2ರಲ್ಲಿ ಗೆದ್ದಿತು. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರು ಸರಿಯಲೇಬೇಕಿತ್ತು ಅಂದಿತು, ಅದೂ 5-4ರಲ್ಲಿ!

ಪ್ರಚಾರದ ಖರ್ಚನ್ನು ಸರ್ಕಾರವೇ ಕೊಟ್ಟರೆ ಈ ರಗಳೆ ತಪ್ಪುತ್ತಾ? ಅಲ್ಲಿ ಇದ್ದು ನೋಡಿದವರು ಯಾರಾದರೂ ಹೇಳಿ.

ಖಾಲಿಜೇಬು:

ಜನರ ತೆರಿಗೆ ದುಡ್ಡಲ್ಲಿ ಜಡ್ಜ್‌ಗಳ ಪೋಸ್ಟರ್ ಅಂಟಿಸಬೇಕಾ? ಚುನಾವಣೆಯನ್ನೇ ನಿಲ್ಲಿಸಿ, ಸಮಿತಿ ಮಾಡಿ ನೇಮಿಸಲಿ.

ರಾಲಿವಾಸಿ:

ನಾನು ನಾರ್ತ್ ಕೆರೊಲಿನಾದ ಮತದಾರ, ಅದಕ್ಕೇ ಇಲ್ಲಿನದ್ದು ಹೇಳುತ್ತೇನೆ. ಪ್ರಚಾರಕ್ಕೆ ಸರ್ಕಾರವೇ ದುಡ್ಡು ಕೊಡುವ ಕಾನೂನು 2002ರಲ್ಲಿ ಬಂತು, 2004ರ ಚುನಾವಣೆಯಿಂದ ಜಾರಿ. ಮೇಲ್ಮನವಿ ಕೋರ್ಟ್ ಮತ್ತು ರಾಜ್ಯ ಸುಪ್ರೀಂ ಕೋರ್ಟಿಗೆ ಮಾತ್ರ. ರಾಜ್ಯದ ತೆರಿಗೆ ಫಾರ್ಮಿನಲ್ಲಿ ಒಂದು ಪುಟ್ಟ ಚೌಕ ಇರುತ್ತಿತ್ತು. ಟಿಕ್ ಹಾಕಿದರೆ 3 ಡಾಲರ್ ಈ ನಿಧಿಗೆ. ನಮ್ಮ ತೆರಿಗೆ ಒಂದು ಪೈಸೆಯೂ ಏರುತ್ತಿರಲಿಲ್ಲ, ಆದರೂ ಜಾಸ್ತಿ ಜನ ಅದನ್ನು ಹಾಗೇ ದಾಟಿ ಹೋಗುತ್ತಿದ್ದರು. ನಾನಂತೂ ಟಿಕ್ ಹಾಕುತ್ತಿದ್ದೆ. ಇದರ ಜೊತೆಗೆ ವಕೀಲರ ಮೇಲೆ ವರ್ಷಕ್ಕೆ 50 ಡಾಲರ್ ಹೇರಿದ್ದರು. ವಕೀಲರಲ್ಲಿ ಕೆಲವರು ಗೊಣಗಿದ್ದೂ ಉಂಟು.

ಖಾಲಿಜೇಬು ಅವರೇ, ಸುಮ್ನೆ ಬಂದವರಿಗೆಲ್ಲ ದುಡ್ಡು ಕೊಡುತ್ತಿರಲಿಲ್ಲ. ಕನಿಷ್ಠ 350 ಮತದಾರರಿಂದ ಒಬ್ಬೊಬ್ಬರಿಂದ 10ರಿಂದ 500 ಡಾಲರ್‌ವರೆಗೆ ತಂದು ತೋರಿಸಬೇಕಿತ್ತು. ಆಮೇಲೆ ಖರ್ಚಿಗೆ ಮಿತಿ ಒಪ್ಪಿಕೊಳ್ಳಬೇಕಿತ್ತು. ನನ್ನ ಪ್ರಕಾರ ಇದರ ಲಾಭ ಒಂದೇ, ಆದರೆ ದೊಡ್ಡದು: ನಾಳೆ ತನ್ನೆದುರು ವಾದ ಮಾಡುವ ವಕೀಲರ ಮುಂದೆಯೇ ಇವತ್ತು ಕೈಚಾಚುವ ಕೆಲಸ ಜಡ್ಜ್‌ಗೆ ತಪ್ಪುತ್ತದೆ. ಅದೇ ನಿಧಿಯಿಂದ ಮನೆಮನೆಗೆ ಅಭ್ಯರ್ಥಿಗಳ ಪರಿಚಯದ ಪುಸ್ತಿಕೆ ಬರುತ್ತಿತ್ತು. ನಿಜ ಹೇಳಬೇಕೆಂದರೆ ಮೇಲ್ಮನವಿ ಕೋರ್ಟಿಗೆ ಯಾರು ನಿಂತಿದ್ದಾರೆ ಅಂತ ನನಗೆ ಗೊತ್ತಾಗುತ್ತಿದ್ದದ್ದೇ ಅದರಿಂದ.

ಆದರೆ ಹೊರಗಿನ ದುಡ್ಡಿಗೆ ಇದು ಬೇಲಿ ಅಲ್ಲ. ಮೊದಲು ಎದುರಾಳಿಯೋ ಹೊರಗಿನ ಗುಂಪೋ ಮಿತಿ ಮೀರಿ ಖರ್ಚು ಮಾಡಿದರೆ, ಸರ್ಕಾರಿ ದುಡ್ಡು ಪಡೆದವರಿಗೆ ಇನ್ನಷ್ಟು ಸಿಗುತ್ತಿತ್ತು. 2011ರಲ್ಲಿ ಅರಿಜೋನಾದ ಕೇಸ್ ಒಂದರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ಹೆಚ್ಚುವರಿ ಹಣ ಕೊಡುವುದನ್ನು ರದ್ದು ಮಾಡಿತು. ಮರುವರ್ಷವೇ ಫಲ ಕಂಡಿತು. 2012ರಲ್ಲಿ ನಮ್ಮ ರಾಜ್ಯ ಸುಪ್ರೀಂ ಕೋರ್ಟ್ ಸೀಟಿಗೆ ನಿಂತ ಪಾಲ್ ನ್ಯೂಬಿ ಮತ್ತು ಸ್ಯಾಮ್ ಎರ್ವಿನ್ ಇಬ್ಬರೂ ಸರ್ಕಾರಿ ದುಡ್ಡನ್ನೇ ಪಡೆದಿದ್ದರು, ತಲಾ ಸುಮಾರು 2.4 ಲಕ್ಷ ಡಾಲರ್. ಹೊರಗಿನ ಗುಂಪುಗಳು, ಹೆಚ್ಚಾಗಿ ನ್ಯೂಬಿ ಪರ, 20 ಲಕ್ಷಕ್ಕೂ ಮೀರಿ ಸುರಿದವು. ಟಿವಿ ಹಾಕಿದರೆ ಸಾಕು, ಬ್ಯಾಂಜೊ ಹಿಡಿದು ನ್ಯೂಬಿ ಎಷ್ಟು ಖಡಕ್ ಜಡ್ಜ್ ಅಂತ ಹಾಡುವ ಜಾಹೀರಾತು. ಅವರ ಒಂದು ತೀರ್ಪಿನ ಸುದ್ದಿಯೂ ಅದರಲ್ಲಿ ಇಲ್ಲ! ನ್ಯೂಬಿ ಗೆದ್ದರು. 2013ರಲ್ಲಿ ಶಾಸನಸಭೆ ಯೋಜನೆಯನ್ನೇ ಎತ್ತಿಹಾಕಿತು.

ಓದೋಹುಚ್ಚಿ:

ಹಾಗಾದರೆ ಸೋತ ಯೋಜನೆ ಅಲ್ವಾ ಇದು?

ರಾಲಿವಾಸಿ:

ಸೋತಿತು ಅನ್ನುವುದಕ್ಕಿಂತ ಕೈಕಟ್ಟಿ ಕಣಕ್ಕಿಳಿಸಿದರು ಅನ್ನಿ. ವಿಸ್ಕಾನ್ಸಿನ್ ನೋಡಿ. 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸೀಟಿಗೆ ನಿಂತ ಇಬ್ಬರಿಗೂ ತಲಾ 4 ಲಕ್ಷ ಡಾಲರ್ ಸರ್ಕಾರದಿಂದ ಸಿಕ್ಕಿತ್ತು. ಅಲ್ಲೂ ಹೊರಗಿನವರ ಜಾಹೀರಾತು ಜೋರಾಗಿಯೇ ಇತ್ತು. ಅದೇ ವರ್ಷ ಯೋಜನೆ ರದ್ದಾಯಿತು. 2025ರಲ್ಲಿ ಅಲ್ಲಿ ಒಂದೇ ಸೀಟಿಗೆ ಎಲ್ಲ ಸೇರಿ ಸುಮಾರು 10 ಕೋಟಿ ಡಾಲರ್ ಹರಿಯಿತು. ಎಲಾನ್ ಮಸ್ಕ್ ಬಂದು ವೇದಿಕೆ ಮೇಲೆ ಮತದಾರರಿಗೆ 10 ಲಕ್ಷ ಡಾಲರಿನ ಚೆಕ್ ಹಂಚಿದರು. ಅವರು ಬೆಂಬಲಿಸಿದ ಅಭ್ಯರ್ಥಿ ಸೋತರು, ಅದು ಬೇರೆ ಮಾತು.

ಖಾಲಿಜೇಬು:

ಸರ್ಕಾರಿ ದುಡ್ಡು ಪಡೆದವರೇನು ಸಾಚಾನಾ? ವೆಸ್ಟ್ ವರ್ಜೀನಿಯಾದ ಅಲೆನ್ ಲೌರಿ 2012ರಲ್ಲಿ ಹಾಗೇ ಗೆದ್ದವರು. 2018ರಲ್ಲಿ ವಂಚನೆ ಕೇಸಿನಲ್ಲಿ ಅಪರಾಧಿ ಅಂತ ಸಾಬೀತಾಯಿತು.

ರಾಲಿವಾಸಿ:

ಅದು ನಿಜ. ಮನುಷ್ಯ ಪ್ರಾಮಾಣಿಕನಾ ಅಂತ ಈ ನಿಧಿ ಪರೀಕ್ಷೆ ಮಾಡುವುದಿಲ್ಲ, ಪ್ರಚಾರಕ್ಕೆ ಯಾರ ಋಣ ಇದೆ ಅನ್ನುವುದನ್ನಷ್ಟೇ ಕಡಿಮೆ ಮಾಡುತ್ತದೆ. ನೇಮಕ ಸಮಿತಿ ಇದ್ದ ಕಡೆಯೂ ರಾಜಕೀಯ ಇಲ್ಲ ಅಂತಲ್ಲ, ಅದಕ್ಕೆ ಬೇರೆ ಚರ್ಚೆಯೇ ಬೇಕು.

ಓದೋಹುಚ್ಚಿ ಅವರೇ, ನೀವು ಹೇಳಿದ ಬೆಂಜಮಿನ್ ಕಥೆ ಅಲ್ಲಿಗೆ ಮುಗಿಯಲಿಲ್ಲ. 2016ರಲ್ಲಿ ಮತ್ತೆ ನಿಂತಾಗ ಅವರೇ ಸರ್ಕಾರಿ ನಿಧಿಗೆ ಅರ್ಜಿ ಹಾಕಿದರು. ಕೊಡಬಾರದು ಅಂತ ಎದುರಾಳಿ ಬೆತ್ ವಾಕರ್ ಕೋರ್ಟಿಗೆ ಹೋದರು. ಬೆಂಜಮಿನ್‌ಗೆ ದುಡ್ಡು ಸಿಕ್ಕಿತು, ಸೀಟು ವಾಕರ್ ಪಾಲಾಯಿತು. ಇನ್ನೂ ನಡೆಯುತ್ತಿರುವ ಯೋಜನೆ ನೋಡಬೇಕೆಂದರೆ ನ್ಯೂ ಮೆಕ್ಸಿಕೋದ್ದು ಓದಿ.