ವಿವೇಚನೆ, ದೇವರ ಚಿತ್ತ, ನಡೆಸುವಿಕೆ: ನಿರ್ಧಾರದ ಪ್ರಾರ್ಥನೆಯಲ್ಲಿ ಯಾವ ಪದ ಎಲ್ಲಿ?

ಪ್ರಶ್ನೆ:

ಬಲ್ಲವರಿಗೆ ನಮಸ್ಕಾರ. ಕೆಲಸ ಬಿಡುವುದೋ ಉಳಿಯುವುದೋ, ಮದುವೆಗೆ ಒಪ್ಪುವುದೋ ಬೇಡವೋ ಎಂಬಂಥ ಕಷ್ಟದ ಆಯ್ಕೆ ಎದುರಾದಾಗ ಕ್ರೈಸ್ತರು ಹೇಗೆ ಪ್ರಾರ್ಥಿಸಬೇಕು ಎಂಬ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇವೆ. ‘ಡಿಸರ್ನ್‌ಮೆಂಟ್’ (ದೇವರು ಬಯಸುವುದು ಯಾವುದೆಂದು ಪ್ರಾರ್ಥಿಸಿ, ಯೋಚಿಸಿ ಗುರುತಿಸುವುದು) ಪುಟಪುಟದಲ್ಲೂ ಬರುತ್ತದೆ. ಕರಡಿನಲ್ಲಿ ಒಂದು ಕಡೆ ‘ವಿವೇಚನೆ’, ಒಂದು ಕಡೆ ‘ದೇವರ ಚಿತ್ತ’, ಮತ್ತೊಂದು ಕಡೆ ‘ಮಾರ್ಗದರ್ಶನ’ ಎಂದಾಗಿದೆ. ಮೂರನ್ನೂ ಹಾಗೇ ಬಿಡಬಹುದೇ? ‘ಕನ್ಸೊಲೇಶನ್, ಡೆಸೊಲೇಶನ್, ಇಂಡಿಫರೆನ್ಸ್, ಕನ್ಫರ್ಮೇಶನ್’ ಇವಕ್ಕೆ ‘ಸಾಂತ್ವನ, ದುಃಖ, ಉದಾಸೀನತೆ, ದೃಢೀಕರಣ’ ಎಂದು ಹಾಕಿದ್ದೇವೆ. ಸರಿಯೇ?

ಉತ್ತರ 1:

ಹಾಗೇ ಬಿಡಬೇಡಿ. ಚಿತ್ತ ದೇವರದು, ನಡೆಸುವವನೂ ದೇವರೇ, ವಿವೇಚಿಸುವವನು ಮಾತ್ರ ಪ್ರಾರ್ಥಿಸುವವನು. ಈ ಮೂರು ಕಲಸಿಹೋದರೆ ಓದುಗ ತನ್ನ ಪಾಲಿನ ಕೆಲಸವನ್ನೂ ದೇವರಿಗೇ ಒಪ್ಪಿಸಿ ಸುಮ್ಮನೆ ಕಾಯುತ್ತಾನೆ.

‘ವಿವೇಚನೆ’ಯ ಮೂಲ ಸಂಸ್ಕೃತದ ‘ವಿಚ್’ ಧಾತು, ಬೇರ್ಪಡಿಸು ಎಂದು ಅರ್ಥ. 1 ಕೊರಿಂಥ 12:10ರಲ್ಲಿ ಆತ್ಮಗಳನ್ನು ಗುರುತಿಸುವ ವರದ ಮಾತು ಬರುವಲ್ಲಿ ಗ್ರೀಕಿನಲ್ಲಿರುವ ‘ದಿಯಾಕ್ರಿಸಿಸ್’ಗೂ ಬೇರ್ಪಡಿಸುವುದೇ ಮೂಲಾರ್ಥ. ಇಬ್ರಿಯ 5:14ರಲ್ಲಿ ಇದೇ ಪದ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡಿ ನೋಡುವುದಕ್ಕೆ ಬಂದಿದೆ, ಅದೂ ಅಭ್ಯಾಸದಿಂದ ಪಳಗಿದವರಿಗೆ. ಹಾಗಾಗಿ ‘ನನಗೆ ವಿವೇಚನೆ ಸಿಕ್ಕಿತು’ ಎಂಬ ವಾಕ್ಯ ಕೈಪಿಡಿಯಲ್ಲಿ ಬೇಡ, ‘ವಿವೇಚಿಸಿದೆ’ ಎನ್ನಿ. ರೋಮಾಪುರ 12:2ರಲ್ಲಿ ದೇವರ ಚಿತ್ತವನ್ನು ತಿಳಿಯುವುದಕ್ಕೆ ಬಂದ ಗ್ರೀಕ್ ಪದ ‘ದೊಕಿಮಾಜೋ’ ಲೋಹವನ್ನೂ ನಾಣ್ಯವನ್ನೂ ಪರೀಕ್ಷಿಸುವುದಕ್ಕೆ ಬಳಸುತ್ತಿದ್ದ ಮಾತು. ಅದಕ್ಕೆ ‘ಒರೆಗೆ ಹಚ್ಚು’ ಎಂಬುದು ಕನ್ನಡದಲ್ಲಿ ಸಿದ್ಧವಾಗಿಯೇ ಇದೆ.

‘ಚಿತ್ತ’ದ ತೊಡಕು ಬೇರೆ. ಕರ್ತನ ಪ್ರಾರ್ಥನೆಯ ‘ನಿನ್ನ ಚಿತ್ತವು’ ಎಲ್ಲರಿಗೂ ಬಾಯಿಪಾಠ. ಆದರೆ ಆಡುಮಾತಿನಲ್ಲಿ ‘ಎಲ್ಲ ದೇವರ ಚಿತ್ತ’ ಎನ್ನುವುದು ಆಗುವುದೆಲ್ಲ ಆಗಿಹೋದ ಮೇಲೆ. ಕೈಪಿಡಿ ಅದನ್ನು ಆಗುವ ಮೊದಲು ಕೇಳುತ್ತಿದೆ. ‘ದೇವರ ಚಿತ್ತಕ್ಕೆ ಬಿಡಿ’ ಎಂದು ಬರೆದರೆ ಓದುಗ ಯೋಚಿಸುವುದನ್ನೇ ಬಿಡುತ್ತಾನೆ. ‘ದೇವರ ಚಿತ್ತವನ್ನು ಹುಡುಕಿ’ ಎಂದರೆ ಕೆಲಸ ಶುರುವಾಗುತ್ತದೆ. ಗೆತ್ಸೆಮನೆಯಲ್ಲಿ (ಮತ್ತಾಯ 26:39) ಯೇಸು ಮೊದಲು ತನ್ನ ಬಯಕೆಯನ್ನು ಬಾಯಿಬಿಟ್ಟು ಹೇಳಿ, ಆಮೇಲೆ ತಂದೆಯ ಚಿತ್ತಕ್ಕೆ ತಲೆಬಾಗುತ್ತಾನೆ. ಆ ಕ್ರಮವೂ ಕೈಪಿಡಿಯಲ್ಲಿ ಉಳಿಯಲಿ. ತನಗೇನು ಬೇಕೆಂದು ಹೇಳಿಕೊಳ್ಳದೆ ‘ನಿನ್ನ ಚಿತ್ತ’ ಎಂದವನ ಬಯಕೆ ಮುಂದೆ ದೇವರ ದನಿಯ ವೇಷದಲ್ಲಿ ಬರುವುದುಂಟು.

ನೀವು ಕೇಳಿದ ಉಳಿದ ನಾಲ್ಕೂ ಜೆಸ್ವಿಟ್ ಸಂಘದ ಸ್ಥಾಪಕ, ಲೊಯೋಲಾದ ಸಂತ ಇಗ್ನೇಷಿಯಸ್‌ನ ಸಾಧನಾ ಕೈಪಿಡಿಯ ಪರಿಭಾಷೆ. ಪೋಪ್ ಮೂರನೇ ಪೌಲ್ ಅದಕ್ಕೆ 1548ರಲ್ಲಿ ಒಪ್ಪಿಗೆ ಕೊಟ್ಟರು. ಇಲ್ಲಿ ನಿಘಂಟಿನ ಅರ್ಥ ಹಾಕಿದರೆ ಸಾಧನೆಯೇ ತಲೆಕೆಳಗು. ಅವನ ‘ಕನ್ಸೊಲೇಶನ್’ ಎಂದರೆ ನಂಬಿಕೆ, ನಿರೀಕ್ಷೆ, ಪ್ರೀತಿ ಹೆಚ್ಚುವ ಸ್ಥಿತಿ. ಪಾಪಕ್ಕಾಗಿ ಅಳುವ ಕಣ್ಣೀರೂ ಅದರಲ್ಲಿ ಸೇರುತ್ತದೆ. ‘ಸಾಂತ್ವನ’ವನ್ನು ನಾವು ಸಾವಿನ ಮನೆಯಲ್ಲಿ ಹೇಳುತ್ತೇವೆ. ‘ಡೆಸೊಲೇಶನ್’ ಕೂಡ ದುಃಖವಲ್ಲ. ಒಳಗಿನ ಕತ್ತಲೆ, ಕಳವಳ, ಪ್ರಾರ್ಥನೆಯಲ್ಲಿ ಜಡತೆ, ಕೀಳಿನ ಕಡೆಗೆ ಎಳೆತ. ‘ಒಳತಂಪು’, ‘ಒಳಬೇಗೆ’ ಎಂದು ಜೋಡಿ ಮಾಡಿ, ಮೊದಲ ಸಲ ಬಂದಲ್ಲಿ ಎರಡು ಸಾಲು ವಿವರಣೆ ಕೊಡಿ. ಇಷ್ಟು ಒತ್ತಿ ಹೇಳಲು ಕಾರಣ ಅವನ ಒಂದು ನಿಯಮ: ಆ ಬೇಗೆಯ ಹೊತ್ತಿನಲ್ಲಿ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಕೂಡದು. ‘ದುಃಖದಲ್ಲಿ ನಿರ್ಧರಿಸಬೇಡಿ’ ಎಂದು ಅನುವಾದಿಸಿದರೆ ಮನೆಯಲ್ಲಿ ಸಾವಾದವನು ಯಾವ ತೀರ್ಮಾನವನ್ನೂ ಮಾಡುವಂತಿಲ್ಲ ಎಂದಾಗುತ್ತದೆ. ನಿಯಮ ಹೇಳುವುದು ಅದನ್ನಲ್ಲ.

‘ಉದಾಸೀನತೆ’ ಖಂಡಿತ ಬೇಡ, ಇಂದಿನ ಕನ್ನಡದಲ್ಲಿ ಅದು ಅಸಡ್ಡೆ. ಇಗ್ನೇಷಿಯಸ್‌ನೇ ಕೊಡುವ ಹೋಲಿಕೆ ತಕ್ಕಡಿಯ ಮುಳ್ಳು: ಎತ್ತಲೂ ವಾಲದೆ, ದೇವರ ಮಹಿಮೆಗೆ ಯಾವುದು ಹೆಚ್ಚೋ ಅತ್ತ ತಿರುಗಲು ಸಿದ್ಧವಾಗಿ ನಿಂತದ್ದು. ‘ವಾಲದ ಮನಸ್ಸು’ ಎಂದರೆ ಸಾಕು.

‘ದೃಢೀಕರಣ’ ಎಂದ ಕೂಡಲೇ ಸಭೆಯವರಿಗೆ ನೆನಪಾಗುವುದು ಅದೇ ಹೆಸರಿನ ಸಂಸ್ಕಾರ. ಇಗ್ನೇಷಿಯಸ್ ಹೇಳುವ ನಿರ್ಧಾರದ ಕ್ರಮವೇ ಬೇರೆ. ವಿಷಯವನ್ನು ಒಂದೇ ವಾಕ್ಯದಲ್ಲಿ ಮುಂದಿಟ್ಟುಕೊಳ್ಳುವುದು. ವಾಲದ ಮನಸ್ಸಿಗೆ ಬರುವುದು. ಮನಸ್ಸನ್ನು ತಿರುಗಿಸೆಂದು ದೇವರನ್ನು ಬೇಡುವುದು. ಒಪ್ಪಿದರೆ ಆಗುವ ಲಾಭ, ಅಪಾಯ, ಒಪ್ಪದಿದ್ದರೆ ಆಗುವ ಲಾಭ, ಅಪಾಯ ಎಂದು ನಾಲ್ಕನ್ನೂ ಬೇರೆಬೇರೆ ತೂಗುವುದು. ಬುದ್ಧಿ ಯಾವ ಕಡೆ ಹೆಚ್ಚು ಒಲಿಯುತ್ತದೋ ನೋಡಿ ನಿರ್ಧರಿಸುವುದು. ಕೊನೆಗೆ ಆ ನಿರ್ಧಾರವನ್ನೇ ಪ್ರಾರ್ಥನೆಯಲ್ಲಿ ದೇವರಿಗೆ ಅರ್ಪಿಸಿ ಒಪ್ಪಿಗೆ ಬೇಡುವುದು. ‘ಒಪ್ಪಿಗೆ’ ಎಂದೇ ಇಡಿ. ಇದು ನಿರ್ಧಾರದ ನಂತರದ ಮೆಟ್ಟಿಲು ಎಂಬುದು ಅನುವಾದದಲ್ಲಿ ಜಾರದಿರಲಿ. ಇನ್ನೊಂದು: ಈ ಕ್ರಮ ಒಳ್ಳೆಯದು ಅಥವಾ ತಪ್ಪಿಲ್ಲದ್ದು ಎನ್ನಬಹುದಾದ ಆಯ್ಕೆಗಳಿಗೆ ಮಾತ್ರ. ಲಂಚ ಕೊಡಲೋ ಬೇಡವೋ ಎಂದು ವಿವೇಚಿಸಲು ಏನೂ ಇಲ್ಲ.

ಉತ್ತರ 2:

ಮೇಲಿನದಕ್ಕೆ ನನ್ನದೂ ಸಹಮತ, ‘ಒಳಬೇಗೆ’ ಒಂದನ್ನು ಬಿಟ್ಟು. ಬೇಗೆ ಎಂದರೆ ಉರಿ. ಪ್ರಾರ್ಥನೆ ಬತ್ತಿದ ಸ್ಥಿತಿಗೆ ‘ಒಣಗು’ ಹತ್ತಿರ.

‘ಮಾರ್ಗದರ್ಶನ’ದ ಬದಲು ‘ನಡೆಸುವಿಕೆ’ ಎನ್ನುವ ಬಗ್ಗೆ ಯಾರೂ ಹೇಳಲಿಲ್ಲ. ‘ಮಾರ್ಗದರ್ಶನ’ ಎಂದಾಗ ದಾರಿ ಕೊನೆಯವರೆಗೂ ಕಾಣಬೇಕೆಂಬ ನಿರೀಕ್ಷೆ ಹುಟ್ಟುತ್ತದೆ. ‘ನಡೆಸು’ ಪ್ರೇರಣಾರ್ಥಕ, ನಡೆಯುವವನು ಇದ್ದರಷ್ಟೇ ನಡೆಸುವುದು. ಅಪೊಸ್ತಲರ ಕೃತ್ಯ 16:6-7ರಲ್ಲಿ ಪೌಲನ ತಂಡಕ್ಕೆ ಎರಡು ಕಡೆ ತಡೆ ಬಂದದ್ದು ಹೊರಟು ನಡೆಯುತ್ತಿದ್ದಾಗಲೇ.

‘ಬಾಗಿಲು ತೆರೆಯಿತು’ ಎಂಬ ಸಭೆಯ ಮಾತನ್ನೂ ಎಚ್ಚರದಿಂದ ಬಳಸಿ. 1 ಕೊರಿಂಥ 16:9ರಲ್ಲಿ ಬಾಗಿಲು ತೆರೆದಿದೆ, ವಿರೋಧಿಗಳೂ ಬಹಳ, ಪೌಲ ಎಫೆಸದಲ್ಲಿ ಉಳಿಯುತ್ತಾನೆ. 2 ಕೊರಿಂಥ 2:12-13ರಲ್ಲಿಯೂ ಬಾಗಿಲು ತೆರೆದಿದೆ, ಆದರೆ ಜೊತೆಗಾರ ತೀತನು ಸಿಗದೆ ಮನಸ್ಸಿಗೆ ನೆಮ್ಮದಿಯಿಲ್ಲದೆ ಅವನು ಹೊರಟುಬಿಡುತ್ತಾನೆ. ಅವಕಾಶ ಎಂಬರ್ಥ ಸರಿ, ಅಪ್ಪಣೆ ಎಂಬರ್ಥ ಸಲ್ಲದು. ಹರಡಿಟ್ಟ ಉಣ್ಣೆ ಮಾತ್ರ ಇಬ್ಬನಿಯಿಂದ ತೊಯ್ಯಲಿ ಎಂದು ಗಿದ್ಯೋನ ದೇವರಲ್ಲಿ ಕೇಳಿದ ಗುರುತೂ (ನ್ಯಾಯಸ್ಥಾಪಕರು 6) ಹೀಗೆಯೇ: ದೇವರ ಮಾತು ಅವನಿಗೆ ಮೊದಲೇ ಬಂದಿತ್ತು, ಗುರುತು ಕೇಳಿದ್ದು ಅಂಜಿಕೆಯಿಂದ. ಕಣ್ಣುಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಚನವನ್ನು ‘ವಾಗ್ದಾನ’ ಎನ್ನುವ ರೂಢಿಯನ್ನು ಕೈಪಿಡಿ ಬೆಳೆಸದಿರಲಿ.

ಮಾದರಿ ವಾಕ್ಯಗಳಲ್ಲಿ ‘ಕರ್ತನು ನನಗೆ ಹೇಳಿದನು’ ಎಂದಿದ್ದರೆ ತೆಗೆಯಿರಿ. ಆ ಮಾತು ಬಂದ ಮೇಲೆ ಸಭಾಪಾಲಕರಾಗಲಿ ಮನೆಯ ಹಿರಿಯರಾಗಲಿ ಬಾಯಿ ತೆರೆಯಲಾರರು, ಸಲಹೆ ಅಲ್ಲಿಗೇ ನಿಂತಿತು. ಯೆರೂಸಲೇಮಿನ ಸಭೆ ಕೂಡ (ಅ.ಕೃ. 15:28) ಚರ್ಚೆ ಮುಗಿಸಿ, ಪವಿತ್ರಾತ್ಮನಿಗೂ ನಮಗೂ ಸರಿಯೆಂದು ತೋರಿತು ಎಂಬ ಧಾಟಿಯಲ್ಲೇ ಬರೆಯಿತು. ‘ಪ್ರಾರ್ಥಿಸಿದಾಗ ನನಗೆ ಹೀಗೆ ತೋರಿದೆ, ನೀವೂ ಒರೆಗೆ ಹಚ್ಚಿ ನೋಡಿ’ ಎಂದು ತಿದ್ದಬಹುದು.